ಗಮ್ ಹಾಕಿದ ಕ್ರೇನು

...ಆಯುಧಪೂಜೆಯ ನಿಂಬೆಹಣ್ಣು ಕ್ರೇನಿನ ಕೊಕ್ಕೆಯಲ್ಲಿ ನೇತಾಡುತ್ತಿತ್ತೋ, ಬುಡದಲ್ಲಿತ್ತೋ, ಈಗ ಪ್ರಮಾಣ ಮಾಡಿ ಹೇಳಲಾರೆ. ಕೊಕ್ಕೆಯಲ್ಲೇ ಇತ್ತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಕೇಳಿದವರು ನಗುತ್ತಾರೆ. ಅವರನ್ನು ನಗಿಸಲೆಂದೇ ಅದು ಬುಡದಿಂದ ಕೊಕ್ಕೆಗೆ ಹತ್ತಿರಬಹುದು. ನನ್ನ ನೆನಪಿಗೆ ಇಂಥ ಚಟವಿದೆ. ಆದರೆ ಗಮ್ ನನ್ನ ಕಲ್ಪನೆಯಲ್ಲ. ಅದು ನನ್ನ ಬೆರಳಿಗೇ ಸಿಕ್ಕಿತ್ತು.

ಮೇಜಿನ ಮೇಲಿಡುವಷ್ಟು ಪುಟ್ಟದಾದ ಆ ಕ್ರೇನನ್ನು ಏಳನೇ ಕ್ಲಾಸಿನ ಮಕ್ಕಳಿಗೆಂದು ಬಾಣಸವಾಡಿಯ ನಮ್ಮ ವರ್ಕ್‌ಶಾಪಿನಲ್ಲಿ ನಾನು ರೂಪಿಸಿದ್ದೆ. ಮರದ ಪಟ್ಟಿಗಳು, ಒಂದು ರಾಟೆ, ಹುರಿ, ಸ್ಪ್ಯಾನರ್ ಇಲ್ಲದೆ ಬೆರಳಲ್ಲೇ ತಿರುಗಿಸಬಹುದಾದ ಕಿವಿಯಿರುವ ನಟ್ಟುಗಳು. ಚಿತ್ರದಲ್ಲಿ ತೋರಿಸಿದಂತೆ ಜೋಡಿಸಿ ಭಾರ ಎತ್ತಿದರೆ ಅದು ಮುಗ್ಗರಿಸಿ ಬೀಳುತ್ತಿತ್ತು. ಬೀಳಲೆಂದೇ ಹಾಗೆ ಮಾಡಿದ್ದೆ. ಬಿದ್ದ ಮೇಲೆ ಮಗು ಬಿಚ್ಚಬೇಕು, ತೋಳನ್ನು ಸರಿಸಬೇಕು, ಹಿಂದೆ ಏನಾದರೂ ಭಾರ ಕಟ್ಟಬೇಕು, ಮತ್ತೆ ಬೀಳಿಸಬೇಕು. ಎಂಜಿನಿಯರಿಂಗ್ ಎಂದರೆ ನನಗೆ ಗೊತ್ತಿರುವುದು ಇಷ್ಟೇ.

ಶಾಲೆಗಳಿಗೆ ಇಂಥ ಕಲಿಕೆಯ ಸಾಮಾನು ಮಾಡಿಕೊಡುವ ನಮ್ಮ ಸಂಸ್ಥೆಯ ಮ್ಯಾನೇಜರ್ ಕಾಲೇಜು ದಿನಗಳಿಂದ ನನ್ನ ಗೆಳೆಯ. ಅವನಿಗೆ ಇದು ಮೊದಲಿನಿಂದಲೂ ಹಿಡಿಸಿರಲಿಲ್ಲ.

"ಮಗಾ, ಬೀಳೋ ಕ್ರೇನ್‌ಗೆ ಯಾವನ್ ಕೊಡ್ತಾನೆ ಫಂಡು?"

"ಬೀಳ್ದೆ ಕಲಿಯೋದು ಹೆಂಗೆ? ನೀನು ಸೈಕಲ್ ಹೆಂಗ್ ಕಲ್ತೆ?"

"ಬಿದ್ದೇ ಕಲ್ತೆ. ಆದ್ರೆ ಬಿದ್ದಾಗ ಫೋಟೋ ತೆಗೆಸ್ಕೊಳ್ಲಿಲ್ಲ."

ಪರೀಕ್ಷಿಸಿ ನೋಡಲೆಂದು ಹಲಸೂರಿನ ಒಂದು ಸರ್ಕಾರಿ ಶಾಲೆಗೆ ಕ್ರೇನು ಒಯ್ದೆ. ಎರಡು ಜಡೆಯ ಒಬ್ಬ ಹುಡುಗಿ ಜೋಡಿಸಿದ್ದು ಬಿತ್ತು. ಮತ್ತೆ ಬಿತ್ತು. ಪಕ್ಕದವಳು, "ಏ, ನಿನ್ ಕ್ರೇನ್ ಕುಡ್ಕೊಂಡ್ ಬಂದೈತೆ ಕಣೇ!" ಎಂದು ಕಿಚಾಯಿಸಿದಳು. ಇವಳು ತಲೆ ಎತ್ತಲಿಲ್ಲ. "ಬಿದ್ರೆ ಬೀಳ್ಲಿ ಬಿಡೇ. ಬಿಚ್ಚಿದ್ರಾಯ್ತು." ನಟ್ಟು ಸಡಿಲಿಸಿ ತೋಳು ಸರಿಸಿದಳು. ಕಾಂಪಾಸ್ ಬಾಕ್ಸಿಗೆ ಅಂಗಳದ ಜಲ್ಲಿ ತುಂಬಿ ಹಿಂದೆ ಕಟ್ಟಿದಳು. ಕ್ರೇನು ನಿಂತಿತು, ನೀರಿನ ಬಾಟಲಿಯನ್ನು ಎತ್ತಿತು. ಬಿಚ್ಚಿದ್ರಾಯ್ತು. ಈ ಒಂದು ಮಾತು ಆ ಹುಡುಗಿಯ ಬಾಯಲ್ಲಿ ಉಳಿದರೆ ಸಾಕು, ನನಗೆ ಬೇರೇನೂ ಬೇಡವಾಗಿತ್ತು. ಕ್ರೇನನ್ನು ಅಲ್ಲೇ ಬಿಟ್ಟು ಬಂದೆ.

ದಸರಾ ರಜೆಗೆ ಮೊದಲೇ ಆ ಶಾಲೆಯಲ್ಲಿ ಆಯುಧಪೂಜೆ ಮುಗಿಸಿಬಿಡುತ್ತಾರೆ. ನಮಗೂ ಕರೆ ಬಂತು. ದುಡ್ಡು ಕೊಡುವ ಕಂಪನಿಯವರನ್ನೂ ಮ್ಯಾನೇಜರ್ ಕರೆತಂದಿದ್ದ. ಮೇಜಿನ ಮೇಲೆ ಕೆಂಪು ಬಟ್ಟೆ, ಅದರ ಮೇಲೆ ಕಂಪ್ಯೂಟರು, ಶಾಲೆಯ ಗಂಟೆ, ಬಿಸಿಯೂಟದ ಸೌಟು, ನಡುವೆ ನನ್ನ ಕ್ರೇನು. ರಾಟೆಗೆ ಗಂಧ ಮೆತ್ತಿ ಕುಂಕುಮ ಇಟ್ಟಿದ್ದರು.

"ಹೊಸದರಂಗೇ ಇಟ್ಟಿದೀವಿ ನೋಡಿ ಸರ್," ಎಂದರು ಟೀಚರ್. "ಅವತ್ತಿಂದ ಬೀರುನಲ್ಲೇ ಇತ್ತು. ಯಾವ ಮಕ್ಕಳಿಗೂ ಮುಟ್ಟಕ್ಕೆ ಬಿಟ್ಟಿಲ್ಲ."

"ಮುಟ್ಟಕ್ಕೇ ಕೊಟ್ಟಿದ್ದು ಮೇಡಂ."

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ತಾರಾ ಸರ್?"

ಆಯುಧಗಳಿಗೆ ಆ ಒಂದು ದಿನ ವಿಶ್ರಾಂತಿ. ನನ್ನ ಕ್ರೇನಿಗೆ ಮಾತ್ರ ವರ್ಷವಿಡೀ ಆಯುಧಪೂಜೆ. ಮೈ ಉರಿಯಿತು. ಅಷ್ಟರಲ್ಲಿ ಕಂಪನಿಯವರು ಮಗುವಿನ ಜೊತೆ ಕ್ರೇನಿನ ಫೋಟೋ ಬೇಕೆಂದರು. ಫೋಟೋ ಎಂದಕೂಡಲೇ ಮುಟ್ಟಬಹುದಾಯಿತು! ಮ್ಯಾನೇಜರ್ ಅದೇ ಹುಡುಗಿಯನ್ನು ಕರೆದ. "ಬಾಮ್ಮ, ನಟ್ ಮೇಲೆ ಸುಮ್ನೆ ಕೈ ಇಡು."

ಅವಳಿಗೆ ಸುಮ್ಮನೆ ಕೈ ಇಡುವುದು ಗೊತ್ತಿರಲಿಲ್ಲ. ತಿರುಗಿಸಿದಳು. ನಟ್ಟು ಕದಲಲಿಲ್ಲ. ಸ್ಕರ್ಟಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಹಲ್ಲು ಕಚ್ಚಿ ತಿರುಗಿಸಿದಳು. ಮೊಬೈಲುಗಳು ಫೋಟೋ ತೆಗೆಯುತ್ತಲೇ ಇದ್ದವು. ಕೊನೆಗೆ ಕೈ ಹಿಂದಕ್ಕೆ ಕಟ್ಟಿಕೊಂಡು, "ನಂಗೆ ಬರಲ್ಲ ಸರ್," ಎಂದಳು.

ನಾನು ನಟ್ಟು ಮುಟ್ಟಿ ನೋಡಿದೆ. ಕಿವಿಯ ಕೆಳಗೆ ಒಣಗಿದ ಗಮ್ಮಿನ ಗಟ್ಟಿ ಹನಿ. ಪ್ರತಿ ನಟ್ಟಿಗೂ. ಬುಡವನ್ನೂ ಕೆಳಗೊಂದು ಹಲಗೆಯಿಟ್ಟು ಅದಕ್ಕೆ ಅಂಟಿಸಿದ್ದರು. ಕೆಂಡವಾಗಿ ಟೀಚರ್ ಕಡೆ ತಿರುಗಿದೆ. ಅವರು ಗಾಬರಿಯಾದರು. "ನಿಮ್ಮ ಆಫೀಸಿನೋರೇ ನಿನ್ನೆ ಬಂದು ಅಂಟಿಸಿದ್ರಲ್ಲ ಸರ್. ನೀವೇ ಕಳಿಸಿದ್ದು ಅಂದ್ರು."

ಮ್ಯಾನೇಜರ್ ನನ್ನ ತೋಳು ಹಿಡಿದು ಪಿಸುಗುಟ್ಟಿದ. "ಗೆಸ್ಟ್‌ಗಳ ಮುಂದೆ ಬಿದ್ಬಿಟ್ರೆ ಗುರು? ಇವತ್ತೊಂದಿನ ತಡ್ಕೋ. ಆಮೇಲೆ ಹೊಸದು ಕೊಡೋಣ."

ಆ ಕೈಯನ್ನು ಕೊಡವಿದೆ. "ಗಮ್ ಹಾಕಿದಾರೆ! ನಿನ್ನಿಂದ ಆಗದೇ ಇರೋದಲ್ಲಮ್ಮ, ಇವ್ರು ಗಮ್ ಹಾಕಿದಾರೆ!" ಎಂದು ಕಿರುಚಿದೆ. ಕಿರುಚಿದೆ ಎಂದೇ ನನ್ನ ನೆನಪು. ಮ್ಯಾನೇಜರ್ ಈಗಲೂ, ನೀನು ಗೊಣಗಿದ್ದಷ್ಟೇ ಎನ್ನುತ್ತಾನೆ. ಅದೇ ಹೊತ್ತಿಗೆ ಗೇಟಿನಲ್ಲಿ ಬೂದುಗುಂಬಳ ಒಡೆದರು. ಒಳಗಿನ ಚಿಲ್ಲರೆ ಆರಿಸಲು ಮಕ್ಕಳೆಲ್ಲ ಹೋ ಎಂದು ಓಡಿದರು. ಅವಳೂ ಓಡಿದಳು.

ಫೋಟೋ ಕಂಪನಿಯ ವರದಿಯಲ್ಲಿ ಅಚ್ಚಾಯಿತು. ಅದರಲ್ಲಿ ಅವಳು ಖುಷಿಯಾಗಿ ಕಲಿಯುತ್ತಿರುವಂತೆ ಕಾಣುತ್ತದೆ. ಹಲ್ಲು ಕಚ್ಚಿದ್ದು ನಗುವಿನಂತೆ ಬಿದ್ದಿದೆ. ಕೊಕ್ಕೆಯೂ ಬುಡವೂ ಚೌಕಟ್ಟಿನ ಆಚೆ ಉಳಿದಿವೆ, ನಿಂಬೆಹಣ್ಣು ಎಲ್ಲಿತ್ತೆಂದು ಅದೂ ಹೇಳುವುದಿಲ್ಲ.

ರಜೆ ಮುಗಿದ ಮೇಲೆ ಗಮ್ ಇಲ್ಲದ ಕ್ರೇನು ಹಿಡಿದು ಶಾಲೆಗೆ ಹೋದೆ. ಅವಳ ಮನೆಯವರು ಟಿ.ಸಿ. ತೆಗೆದುಕೊಂಡು ರಾಮಮೂರ್ತಿ ನಗರದ ಕಡೆ ಬಾಡಿಗೆಗೆ ಹೋಗಿದ್ದರು. ಯಾವ ಶಾಲೆಗೆ ಸೇರಿದಳೆಂದು ಯಾರಿಗೂ ತಿಳಿದಿರಲಿಲ್ಲ. ನಾನು ಮ್ಯಾನೇಜರ್ ಜೊತೆಗಿನ ಕೆಲಸ ಬಿಟ್ಟೆ. ಸಿಟ್ಟು ಮಾತ್ರ ಹಾಗೇ ಇದೆ.

ಅವಳು ಆ ನಟ್ಟನ್ನು ಈಗ ಏನೆಂದು ನೆನೆಯುತ್ತಾಳೋ, ನೆನೆಯುತ್ತಾಳೋ ಇಲ್ಲವೋ. ಗಮ್ ಎಂದು ನಾನು ಹೇಳಿದ್ದು ಅವಳ ಕಿವಿಗೆ ಬಿತ್ತೇ? ನನಗೆ ಗೊತ್ತಿಲ್ಲ.