ಹಾಡು ನಿಂತಾಗ ಹಿಂದೆ ಸರಿಯುವ ಕಾಲು

ನನ್ನ ಒಂದು ಮಾತಿಗೆ ಹನುಮನ ಬಲಗಾಲು ಹೋಯಿತು, ಚಿಕ್ಕಣ್ಣನ ದವಡೆ ಹೋಯಿತು, ಒಬ್ಬ ಅಣ್ಣ ಒಬ್ಬ ತಂಗಿಯ ನಡುವಿನ ಮಾತು ಹೋಯಿತು. ನನ್ನದು ಏನೂ ಹೋಗಲಿಲ್ಲ. ಯಾಕೆಂದರೆ ನಾನು ಸುಳ್ಳು ಹೇಳಿದೆ — ಕಲ್ಲು ಬೀಳಿಸಿದ ಮಾತು ನನ್ನ ಬಾಯಿಂದ ಬಂದದ್ದು. ಅದನ್ನು ಚಿಕ್ಕಣ್ಣನ ಬಾಯಿಗೆ ಹಾಕಿದೆ. ವ್ಯಾಪಾರದಲ್ಲಿ ಬೆಳೆದವನು ನಾನು. ಯಾವುದಕ್ಕೆ ಏನು ಬಿತ್ತು ಅನ್ನುವುದನ್ನು ಮೊದಲೇ ಹೇಳಿಬಿಡುವುದು ವಾಸಿ.

ಇಷ್ಟು ವರ್ಷ ಸುಮ್ಮನಿದ್ದವನು ಈಗ ಬರೆಯುವುದಕ್ಕೆ ಒಂದು ಹಾಡು ಕಾರಣ. ಈಚೆಗೆ ಮನೆಗೆ ರೇಡಿಯೋ ತಂದೆ. ಅದರಲ್ಲಿ ಹೊಸದೊಂದು ಪ್ರೇಮದ ಹಾಡು ಬರತೊಡಗಿತು. ಹಾಡುವವಳ ದನಿ ಏರಿ ಏರಿ ಹೋಗಿ, ಪಲ್ಲವಿಗೆ ಮರಳುವ ಮೊದಲು ಒಂದು ಉಸಿರಿನಷ್ಟು ಹೊತ್ತು ಎಲ್ಲ ನಿಂತುಬಿಡುತ್ತದೆ — ತಬಲ ಕೂಡ. ಅಲ್ಲಿ ಮಾಡುತ್ತಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ. ಇದನ್ನು ಎಲ್ಲಿ ಕೇಳಿದ್ದೇನೆ? ಅವ್ವ ರಾಗಿ ಬೀಸುವಾಗ ಹೇಳುತ್ತಿದ್ದದ್ದೇ? ಅಲ್ಲ, ಬೀಸುವ ಹಾಡು ನಡುವೆ ನಿಲ್ಲುವುದಿಲ್ಲ. ಮದುವೆಯ ವಾಲಗವೇ? ಭಜನೆಯೇ? ಅಂಗಡಿಯಲ್ಲಿ ಗಿರಾಕಿಯ ಜೊತೆ ಚೌಕಾಸಿ ಮಾಡುವಾಗಲೂ ಅದೇ ಗುಂಗು. ಆ ತಡೆಯಲ್ಲಿ ಏನೋ ಒಂದು ಬರಬೇಕು, ಬರುತ್ತಿಲ್ಲ — ಅದು ಏನು?

ಹಿಡಿದುಕೊಟ್ಟವಳು ನನ್ನ ಹೆಂಡತಿ. ಸೊಪ್ಪು ಬಿಡಿಸುತ್ತಾ ಕೂತಿದ್ದವಳು ಕೇಳಿದಳು: "ಅಲ್ರೀ, ಆ ಹಾಡು ನಿಂತಾಗೆಲ್ಲ ಕಾಲು ಯಾಕೆ ಹಿಂದಕ್ಕೆ ಎಳ್ಕೊತೀರಾ? ಕುರ್ಚಿ ಕೆಳಗೆ ಇಲಿ ಏನಾದ್ರೂ ಇದ್ಯಾ?"

ಕಾಲು. ನೋಡಿಕೊಂಡೆ — ನಿಜ, ಹಿಂದೆ ಸರಿದಿತ್ತು. ಆಗ ಗೊತ್ತಾಯಿತು. ಆ ಜಾಗದಲ್ಲಿ ಬರಬೇಕಾದದ್ದು ಒಂದೇ ಮಾತು. "ಬಿಡು."

ಜಯನಗರ ಆಗಿನ್ನೂ ಸುಣ್ಣದ ಗೆರೆ ಎಳೆದ ಬಯಲು. ಹೊಸ ಮನೆಗಳಿಗೆ ಕಲ್ಲುಚಪ್ಪಡಿ ಹಾಕಿಸಿಕೊಡುವ ಕೆಲಸ ಹಿಡಿದಿದ್ದೆ. ನನ್ನ ಕೈಕೆಳಗೆ ಸಾರಕ್ಕಿಯ ಕಡೆಯ ಒಂದು ಗುಂಪು. ಚಪ್ಪಡಿಗೆ ಹಗ್ಗ ಕಟ್ಟಿ, ಬೊಂಬು ತೂರಿಸಿ, ಹೆಗಲು ಕೊಟ್ಟು ಎತ್ತುವರು. ತಲೆ ತಗ್ಗಿರುತ್ತದೆ, ಮುಂದಿನದು ಕಾಣುವುದಿಲ್ಲ. ಅವರಿಗೆ ಕಣ್ಣು ಎಂದರೆ ಚಿಕ್ಕಣ್ಣನ ಹಾಡು. ಅವನು ಭಾರ ಹೊರುತ್ತಿರಲಿಲ್ಲ. ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಹಾಡುತ್ತಿದ್ದ. ಜಾಗ ಬಂದಾಗ ದನಿ ಏರಿಸಿ, ಒಂದು ಉಸಿರು ತಡೆದು, "ಬಿಡು" ಎನ್ನುತ್ತಿದ್ದ. ಆ ತಡೆಯಲ್ಲಿ ಹತ್ತಿರವಿದ್ದವರೆಲ್ಲ, ನಾನೂ ಸೇರಿ, ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆವು. ಅಂದ ಕ್ಷಣ ಎಲ್ಲರೂ ಒಟ್ಟಿಗೆ ಬಿಡಬೇಕು. ಯೋಚಿಸುವಂತಿಲ್ಲ — ಒಬ್ಬ ತಡಮಾಡಿದರೆ ಪಕ್ಕದವನ ಬೆನ್ನು ಮುರಿಯುತ್ತದೆ. ಅದಕ್ಕೇ ಕಲ್ಲು ಮೇಲಿರುವಾಗ ಆ ಮಾತನ್ನು ಬೇರೆ ಯಾರೂ ಆಡಬಾರದು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಬೆಳಿಗ್ಗೆ ಮೋರಿಯ ಮೇಲೆ ಚಪ್ಪಡಿ ಕೂರಿಸುತ್ತಿದ್ದರು. ಚಿಕ್ಕಣ್ಣನ ತಂಗಿಯ ಗಂಡ ಹನುಮ ಮೋರಿಯ ಅಂಚಿನಲ್ಲಿ ಕಾಲಿಟ್ಟು ಗಾರೆ ಸರಿಮಾಡುತ್ತಿದ್ದ. ಅವನು ಕಾಲು ತೆಗೆಯಲಿ ಎಂದು ಚಿಕ್ಕಣ್ಣ ದನಿಯನ್ನು ಎಳೆದ, ಎಳೆದ — ತಡೆದ. ಅದೇ ಹೊತ್ತಿಗೆ ಪಕ್ಕದ ಅರ್ಧ ಕಟ್ಟಿದ ಮನೆಯ ಗೋಡೆಯ ಮರೆಯಲ್ಲಿ ಇನ್ನೊಬ್ಬ ಕಲ್ಲಿನ ವ್ಯಾಪಾರಿ, ನಂಜಪ್ಪ, ನನ್ನ ಅಂಗಿಯ ಕಾಲರು ಹಿಡಿದು ಗೋಡೆಗೆ ಒತ್ತಿದ್ದ. ಅವನ ಗಿರಾಕಿಯನ್ನು ನಾನು ಎಗರಿಸಿದ್ದೆ, ಸುಳ್ಳಲ್ಲ. ಉಸಿರು ಕಟ್ಟಿತು. ನಾನು ಅವನ ಮೂಗಿಗೆ ಗುದ್ದಿದೆ, ಅವನು ಇನ್ನೂ ಬಿಗಿದ. "ಬಿಡು ನನ್ನ ಕಾಲರು" ಅನ್ನಬೇಕಿತ್ತು. ಮೊದಲ ಮಾತಷ್ಟೇ ಹೊರಬಂತು, ಅದೂ ಕಿರುಚಿ.

ಕಲ್ಲು ಬಿದ್ದ ಸದ್ದು ದೊಡ್ಡದೇನಲ್ಲ. ಆಮೇಲಿನ ಕೂಗು—

ಓಡಿಹೋಗಿ ನೋಡಿದೆ. ಹನುಮನ ಮೊಣಕಾಲಿನ ಕೆಳಗೆ ಕಾಲು ಅನ್ನುವ ಆಕಾರವೇ ಇರಲಿಲ್ಲ. ಗಾರೆಯೆಲ್ಲ ಕೆಂಪು. ನಂಜಪ್ಪ ಅತ್ತಲಿಂದತ್ತಲೇ ಮಾಯವಾಗಿದ್ದ. (ಆಮೇಲೆ ಎಂದೂ ಅವನು ನನ್ನ ಗಿರಾಕಿಗೆ ಕೈ ಹಾಕಲಿಲ್ಲ, ನಾನು ಅವನ ಗಿರಾಕಿಗೆ ಹಾಕಲಿಲ್ಲ. ಕೇಳಿದ್ದನ್ನು ಅವನು ಯಾರಿಗೂ ಹೇಳಲೂ ಇಲ್ಲ. ಅರ್ಥಮಾಡಿಕೊಳ್ಳಿ.) ಕಲ್ಲು ಹೊತ್ತವರಲ್ಲೊಬ್ಬನಾದ ಹನುಮನ ಅಣ್ಣ ಬೊಂಬು ಹಿಡಿದು ನಿಂತಿದ್ದ. "ಯಾವನ್ಲಾ ಬಿಡು ಅಂದೋನು?"

ಹೆದರಿದೆ ಎಂದರೆ ಅರ್ಧ ನಿಜ. ಉಳಿದರ್ಧ — ಲೆಕ್ಕ ಹಾಕಿದೆ. ಆ ಮನುಷ್ಯ ಅರಚುತ್ತಿರುವಾಗಲೇ, ನನ್ನ ಮೈಮೇಲೆ ಏಟು, ನನ್ನ ಕೆಲಸ, ನನ್ನ ಹೆಸರು, ಎಲ್ಲ ತೂಗಿ ನೋಡಿದೆ. ಆಮೇಲೆ ಹೇಳಿದೆ:

"ಚಿಕ್ಕಣ್ಣನೇ ಅಂದ. ನಾನೇ ಕಿವಿಯಾರೆ ಕೇಳ್ದೆ."

ಹನುಮನ ಅಣ್ಣನ ಮೊದಲ ಏಟು ಚಿಕ್ಕಣ್ಣನ ಬಾಯಿಗೇ ಬಿತ್ತು. "ಈ ಬಾಯಿ ತಾನೆ? ಈ ಬಾಯಿ ತಾನೆ?" — ಕೇಳಿ ಕೇಳಿ ಹೊಡೆದ. ಎರಡನೆಯದಕ್ಕೆ ದವಡೆ ಪಕ್ಕಕ್ಕೆ ಸರಿದದ್ದು ಕಣ್ಣಿಗೆ ಕಂಡಿತು. ಉಳಿದವರೂ ಕೂಡಿಕೊಂಡರು, ಬಿದ್ದವನನ್ನು ಒದ್ದರು. ಚಿಕ್ಕಣ್ಣ ಒಮ್ಮೆಯೂ ಕೈ ಎತ್ತಲಿಲ್ಲ. ಹಲ್ಲು ಉಗುಳಿ, ಜನರ ಕಾಲುಗಳ ಸಂದಿಯಿಂದ ನನ್ನನ್ನು ಹುಡುಕಿ ಕೇಳಿದ. "ಯಜಮಾನ್ರೇ... ನಾನ್ ಅಂದ್ನಾ?"

ಅವನಿಗೇ ಅನುಮಾನ ಬಂದಿತ್ತು. ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ. ನಾನು ತಲೆಯಾಡಿಸಿದೆ — ಹೌದು ಎಂದು.

ಆಮೇಲೆ ಅವನು ಹಾಡಲಿಲ್ಲ, ಹಾಡಲು ಬಾಯಿ ತೆರೆಯುತ್ತಿರಲಿಲ್ಲ. ಸಾರಕ್ಕಿ ಕೆರೆಯ ಕೆಳಗೆ ಸೊಪ್ಪು ಬೆಳೆಯುತ್ತಾನೆಂದು ತಿಳಿದಿತ್ತು. ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಓಡಾಡುತ್ತಾ ವ್ಯಾಪಾರದಲ್ಲಿ ದೊಡ್ಡವನಾದೆ.

ಹೆಂಡತಿ ಕಾಲು ತೋರಿಸಿದ ಮಾರನೆಯ ದಿನ ಸಾರಕ್ಕಿಗೆ ಹೋದೆ. ಅಲ್ಲೂ ನನ್ನ ಬುದ್ಧಿ ಬಿಡಲಿಲ್ಲ ನೋಡಿ. ಒಂದು ಗೊನೆ ಬಾಳೆಹಣ್ಣು ಹೊರಿಸಿಕೊಂಡು ಹೋದೆ; ಅಂಗಡಿಯಲ್ಲಿ ಕೆಲಸ ಕೊಡುತ್ತೇನೆಂದು ಶುರುಮಾಡಿದೆ; ಊರ ಸುದ್ದಿ, ಮಳೆ ಸುದ್ದಿ ಮಾತಾಡಿದೆ. ಹೊತ್ತು ಇಳಿಯುವಾಗ ಹೇಳಿದೆ. "ಆವತ್ತು ಬಿಡು ಅಂದಿದ್ದು ನಾನು, ಚಿಕ್ಕಣ್ಣ."

ಸೊಪ್ಪಿನ ಕಟ್ಟುಗಳನ್ನು ನೀರಿನಲ್ಲಿ ಅದ್ದುತ್ತಿದ್ದವನು ಅದ್ದುತ್ತಲೇ ಇದ್ದ. ಸೊಟ್ಟ ಬಾಯಿಂದ ಮಾತು ನಿಧಾನವಾಗಿ ಬಂತು. "ನನ್ಗ್ಯಾಕೆ ಹೇಳ್ತೀರಾ? ನನ್ನ ತಂಗಿ ಇವತ್ಗೂ ನನ್ನ ಮೊಕ ನೋಡಲ್ಲ. ಬೊಮ್ಮನಹಳ್ಳೀಲವ್ಳೆ. ಅವಳ್ಗೆ ಹೇಳ್ಬುಟ್ಟು ಬನ್ನಿ."

ಹೋದೆ. ಹನುಮ ಜಗಲಿಯಲ್ಲಿದ್ದ, ಕಂಕುಳಲ್ಲಿ ಕೋಲು. ಅವನ ಹೆಂಡತಿ ಮುನಿಯಮ್ಮ ಒರಳಿನ ಮುಂದೆ. ನಂಜಪ್ಪ ಕಾಲರು ಹಿಡಿದದ್ದರಿಂದ ಶುರುಮಾಡಿದೆ.

"ಬಿಡು ಅಂದೋನು ನೀನಾ, ಚಿಕ್ಕಣ್ಣನಾ?" ಎಂದ ಹನುಮ. "ಅಷ್ಟೇ ಹೇಳು."

"ನಾನು."

ಕೋಲು ಬೀಸಿದ. ಕಿವಿಯ ಮೇಲೆ ಬಿತ್ತು, ನಾನು ಕೆಳಗೆ ಬಿದ್ದೆ; ಬೀಸಿದ ರಭಸಕ್ಕೆ ಅವನೂ ಬಿದ್ದ. ಬಿದ್ದಲ್ಲಿಂದಲೇ ಕೈ ಚಾಚಿ ಮತ್ತೆ ಹೊಡೆದ. ಮುನಿಯಮ್ಮ ತಡೆಯಲಿಲ್ಲ. ಅವನ ಕೈ ಸೋತ ಮೇಲೆ ನನ್ನನ್ನು ಕೇಳಿದಳು. "ನಮ್ಮಣ್ಣಂಗೆ ಅಗಿಯಕ್ಕಾಯ್ತದಾ? ಏನ್ ತಿಂತಾನೆ?"

ನನಗೆ ಗೊತ್ತಿರಲಿಲ್ಲ. ಅರ್ಧ ದಿನ ಅವನ ಎದುರು ಕೂತು ಬಂದಿದ್ದೆ, ಅದೊಂದನ್ನು ನೋಡಿರಲಿಲ್ಲ. ಅವಳು ರುಬ್ಬುತ್ತಿದ್ದದ್ದನ್ನು ಹಾಗೇ ಬಿಟ್ಟು, ಕೈ ತೊಳೆದು, ಸಾರಕ್ಕಿಯ ಕಡೆ ನಡೆದಳು.

ನನ್ನ ಹಾಗೆ ಇಂಥದ್ದೊಂದನ್ನು ಇಟ್ಟುಕೊಂಡು ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೇಳಿ. ಹಗಲು ಹೊತ್ತು, ಮನೆಯವರೆಲ್ಲ ಇರುವಾಗ ಹೋಗಿ. ಒಬ್ಬರ ಕಿವಿಯಲ್ಲಿ ಹೇಳಬೇಡಿ. ನಿಮ್ಮ ಸುಳ್ಳನ್ನು ಯಾರು ಯಾರು ನಂಬಿದ್ದರೋ ಅವರೆಲ್ಲರ ಮುಂದೆ ಹೇಳಿ. ಹಣ್ಣು ಹೂವು ಒಯ್ಯಬೇಡಿ. ಮೊದಲ ಮಾತೇ "ನಾನು" ಎಂದಿರಲಿ. ಯಾಕೆ ಅನ್ನುವುದನ್ನು ಅವರು ಕೇಳಿದರೆ ಮಾತ್ರ ಹೇಳಿ. ಕ್ಷಮಿಸಿ ಅನ್ನಬೇಡಿ, ಅದು ಅವರ ಹತ್ತಿರ ಇನ್ನೂ ಏನೋ ಕೇಳಿದ ಹಾಗೆ. ಏಟು ಬಿದ್ದರೆ ಕೈ ಅಡ್ಡ ತರಬೇಡಿ. ಕೂರು ಅಂದರೂ ಕೂರಬೇಡಿ. ಹೋಗು ಅಂದ ಮೇಲೆ ನಿಲ್ಲಬೇಡಿ.