ಎಲುಬು ಕಟ್ಟುವವರ ಸಾಕ್ಷಿ

ಅಫಜಲಪುರದ ಕಡೆ ಎಲುಬು ಕಟ್ಟುವ ಹಿರಿಯರೊಬ್ಬರಿದ್ದರು. ಮುರಿದ ಕೈಯನ್ನು ಕಣ್ಣು ಮುಚ್ಚಿ ಸವರುತ್ತ, "ಘಾಬರಿ ಆಗಬ್ಯಾಡ, ಎಲುಬು ತಾನೇ ಕೂಡ್ತದ" ಎನ್ನುತ್ತಿದ್ದರು. ಬಂದವರಿಗೆಲ್ಲ ಅದೇ ಮಾತು.

ಹವಳಗಾ ರಸ್ತೆಯಲ್ಲಿ ಕಾರು ಬಡಿದು ಬಲಗೈ ಮುರಿದುಕೊಂಡ ಹೆಣ್ಣುಮಗಳೊಬ್ಬಳು ಆಪರೇಷನ್ನಿಗೆ ಹೆದರಿ, ಆಸ್ಪತ್ರೆ ಬಿಟ್ಟು ಅವರಲ್ಲಿಗೆ ಹೋದಳು. ಅವರು ಬಿದಿರಿನ ಸೀಳು ಇಟ್ಟು ಕಟ್ಟಿದರು. ಕೈ ಸೊಟ್ಟಗೆ ಕೂಡಿತು. ಬಟ್ಟೆ ಹೊಲಿದು ಬದುಕುತ್ತಿದ್ದವಳಿಗೆ ಕತ್ತರಿ ಹಿಡಿಯಲಾಗಲಿಲ್ಲ.

ಕಾರು ಬಡಿದದ್ದಕ್ಕೆ ಹಾಕಿದ ಪರಿಹಾರದ ಕೇಸಿನಲ್ಲಿ ನಾನು ಅವಳ ವಕೀಲ. ಕೈ ಎಷ್ಟು ಮುರಿದಿತ್ತೆಂದು ಹೇಳಲು ಹಿರಿಯರನ್ನು ಸಾಕ್ಷಿಗೆ ಕರೆಸಿದ್ದೆ. ಕಷ್ಟದ ಪ್ರಶ್ನೆ ಬಂದರೆ "ಗೊತ್ತಿಲ್ಲ" ಅನ್ನಿ ಎಂದು ಹೇಳಿಕೊಟ್ಟಿದ್ದೆ.

"ಆಪರೇಷನ್ ಮಾಡಿಸಿದ್ರ ಕೈ ನೆಟ್ಟಗಾಗ್ತಿತ್ತೇನು?" ಕಾರಿನ ವಿಮಾ ಕಂಪನಿಯ ವಕೀಲರು ಕೇಳಿದರು.

ಹಿರಿಯರು ಅವಳ ಕೈಯನ್ನೇ ನೋಡಿದರು. "ಆಗ್ತಿತ್ರಿ. ದವಾಖಾನಿಗಿ ಹೋಗು ಅಂತ ನಾ ಹೇಳಬೇಕಿತ್ತು. ತಪ್ಪು ನಂದು, ಆಕಿದಲ್ಲ."

ಕೋರ್ಟು ಅವರ ಉತ್ತರದಲ್ಲಿ "ಆಗ್ತಿತ್ರಿ" ಎಂಬ ಮೊದಲ ಮಾತನ್ನಷ್ಟೇ ಹಿಡಿಯಿತು. ಕೈ ಸೊಟ್ಟಾಗಲು ಅವಳು ಆಯ್ದುಕೊಂಡ ಚಿಕಿತ್ಸೆಯೇ ಕಾರಣವೆಂದು ಪರಿಹಾರದ ಬಹುಭಾಗವನ್ನು ಕಡಿತಗೊಳಿಸಿತು.

ತೀರ್ಪಿನ ದಿನವೂ ಅವರು ಬಂದಿದ್ದರು. ಬಸ್ ಸ್ಟ್ಯಾಂಡಿನವರೆಗೆ ನಮ್ಮ ಹಿಂದೆಯೇ ನಡೆದು ಬಂದು ಅವಳನ್ನು ಕೇಳಿದರು: "ಯವ್ವಾ, ನಾ ಸುಳ್ಳು ಹೇಳಬೇಕಿತ್ತೇನು?"

ಅವಳು ಎಡಗೈಯಲ್ಲಿ ಕಂಬಿ ಹಿಡಿದು ಬಸ್ ಹತ್ತಿದಳು. ನಾನು ಅವಳ ಚೀಲ ಎತ್ತಿಕೊಟ್ಟೆ.