ಗುಮ್ಮಟದ ನೆಲಮಾಳಿಗೆಯ ಗಾಳಿ

“ಏನೂ ಆಗಂಗಿಲ್ಲ, ಕುಂದರ್ರಿ” ಎಂದು ಹುಸೇನಬಿಗೆ ಹೇಳಿದವನು ನಾನು. ಆಗುತ್ತದೆಂದು ಗೊತ್ತಿದ್ದೇ ಹೇಳಿದೆ. ಮರೆತಿದ್ದೆ, ಗಡಿಬಿಡಿಯಲ್ಲಿದ್ದೆ — ಅಂಥ ಯಾವ ನೆಪವೂ ನನಗಿಲ್ಲ.

ಶಹಾಪುರದ ಬೆಟ್ಟದ ಬುಡದಲ್ಲಿ ಒಂದು ಹಳೆಯ ಗುಮ್ಮಟ. ಅದನ್ನು ನೋಡಿಕೊಳ್ಳುತ್ತಿದ್ದುದು ಹುಸೇನಬಿಯ ಮನೆತನ. ಗೋರಿಯ ಮಗ್ಗುಲಲ್ಲಿ ಮೆಟ್ಟಿಲಿಳಿದರೆ ಕಲ್ಲಿನ ನೆಲಮಾಳಿಗೆ, ಒಂದೇ ಬಾಗಿಲು. ನಾನಾಗ ಯಾದಗಿರಿಯಲ್ಲಿ ಭೌತಶಾಸ್ತ್ರದ ಮಾಸ್ತರ. ಹಳೆಯ ಕಟ್ಟಡಗಳೊಳಗಿನ ವಿಕಿರಣ ಅಳೆದು ಡಾಕ್ಟರೇಟ್ ಗಿಟ್ಟಿಸುವ ಹುಚ್ಚು ಹತ್ತಿತ್ತು. ನಮ್ಮ ಕಡೆಯ ಕಲ್ಲುನೆಲದಿಂದ ರೇಡಾನ್ ಎಂಬ ಅನಿಲ ಒಸರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡಿದರೆ ಚದುರಿಹೋಗುತ್ತದೆ; ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡು ಉಸಿರಾಡಿದವರ ಎದೆಗಿಳಿದು ಮೆಲ್ಲಗೆ ಶ್ವಾಸಕೋಶ ಕೆಡಿಸುತ್ತದೆ. ಅದನ್ನು ಅಳೆಯಲು ಸಣ್ಣ ಡಬ್ಬಿಗಳನ್ನು ಆ ನೆಲಮಾಳಿಗೆಯಲ್ಲಿ ತೂಗುಹಾಕಿ, ಬೇಸಿಗೆ ಮುಗಿಯುವ ತನಕ ಬಾಗಿಲು ಮುಚ್ಚಿಯೇ ಇರಲಿ ಎಂದು ಹುಸೇನಬಿಗೆ ಕೈಮುಗಿದು ಕೇಳಿಕೊಂಡೆ.

ಆಕೆ ಮುಚ್ಚಿದಳು. ಒಳಗೆ ಕೂತು ಮುಚ್ಚಿದಳು.

ನಮ್ಮ ಬಿಸಿಲು ಗೊತ್ತಲ್ಲ — ಮಧ್ಯಾಹ್ನ ಹೊರಗೆ ತಲೆ ಹಾಕುವಂತಿಲ್ಲ. ಹುಸೇನಬಿ ಪ್ರತಿ ಬೇಸಿಗೆ ಅಲ್ಲಿನ ತಂಪಿನಲ್ಲಿ ಕೂತು ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಿದ್ದಳಂತೆ, ಬೆಳಕಿಗೆಂದು ಬಾಗಿಲು ತೆರೆದಿಟ್ಟು. ಈಗ ಮಾಸ್ತರರ ಮಾತು ಮೀರಬಾರದೆಂದು ಕದ ಹಾಕಿಕೊಂಡು, ದೀಪ ಹಚ್ಚಿಕೊಂಡು ಹೊಲಿಯುತ್ತಿದ್ದಳು. ಡಬ್ಬಿ ಬದಲಿಸಲು ಹೋದಾಗ ಕಣ್ಣಾರೆ ಕಂಡೆ. ಅಷ್ಟರಲ್ಲಿ ಮೊದಲ ಡಬ್ಬಿಯ ಫಲಿತಾಂಶ ಬಂದಿತ್ತು: ಅದು ಮನುಷ್ಯರು ದಿನವಿಡೀ ಕೂರುವ ಜಾಗವಲ್ಲ. ಆಕೆಯೇ ಕೇಳಿದಳು —

“ಸರ್, ನಾ ಇಲ್ಲಿ ಕುಂದರಬೇಕೋ ಬ್ಯಾಡೋ? ಮಗಳು ಶಮೀಮನೂ ನನ್ನ ಜೋಡಿ ಇರತಾಳ.”

ನನ್ನ ಉತ್ತರ ಮೊದಲೇ ಹೇಳಿದೆನಲ್ಲ. ನಿಜ ಹೇಳಿದರೆ ಗುಮ್ಮಟದಲ್ಲಿ ವಿಷಗಾಳಿ ಎಂದು ಊರಲ್ಲಿ ಗುಲ್ಲೇಳುತ್ತದೆ, ನನ್ನ ಡಬ್ಬಿಗಳನ್ನು ತಿಪ್ಪೆಗೆಸೆಯುತ್ತಾರೆ, ಬೇರೆ ಕಟ್ಟಡದವರೂ ನನ್ನನ್ನು ಒಳಗೆ ಬಿಡುವುದಿಲ್ಲ. ಬೇಸಿಗೆಯೊಂದು ಕಳೆಯಲಿ, ಆಮೇಲೆ ಹೇಳೋಣ. ಆಮೇಲೆ — ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಡಾಕ್ಟರೇಟ್ ಬಂತು, ಶಾಲು ಹೊದಿಸಿದರು. ಹುಸೇನಬಿ ಒಂದು ಕೌದಿ ತಂದುಕೊಟ್ಟಳು. ತೆಗೆದುಕೊಂಡೆ. ಆಗಲೂ ನಾಲಿಗೆ ಹೊರಳಲಿಲ್ಲ.

ಕದ ಹಾಕಿದರೆ ತಂಪು ನಿಲ್ಲುತ್ತದೆಂದು ಆಕೆಗೆ ಅದೇ ರೂಢಿಯಾಯಿತು. ವರ್ಷಗಳು ಉರುಳಿದವು. ಹೋದ ವರ್ಷ ಆಕೆ ತೀರಿಕೊಂಡಳು, ಶ್ವಾಸಕೋಶದ ಕ್ಯಾನ್ಸರ್. ಆ ಗಾಳಿಯಿಂದಲೇ ಬಂತೆಂದು ಯಾವ ವಿಜ್ಞಾನವೂ ಖಚಿತವಾಗಿ ಹೇಳಲಾರದು. ಎಂಥ ಅನುಕೂಲದ ಮಾತು! ಅದನ್ನೇ ಜಪಿಸುತ್ತ ದಿನ ದೂಡಿದೆ. ಅಲ್ಲ ಎಂದೂ ಹೇಳಲಾರದು — ಅದನ್ನು ಮಾತ್ರ ನುಂಗಿಕೊಂಡೆ.

ಮೊನ್ನೆ ಧೈರ್ಯ ಮಾಡಿ ಹೋದೆ. ಶಮೀಮ ನೆಲಮಾಳಿಗೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದಳು. ಬಾಗಿಲು ಮುಚ್ಚಿತ್ತು. ಸರ್ ಪರೀಕ್ಷೆ ಮಾಡಿದ ಜಾಗ, ಭಯವಿಲ್ಲ ಎಂದು ಅಮ್ಮಿ ಹೇಳಿದ್ದಳಂತೆ. ಅವಳನ್ನು ಹೊರಗೆ ಕರೆದು ಎಲ್ಲ ಹೇಳಿದೆ, ಒಂದನ್ನೂ ಬಿಡದೆ.

ಬಯ್ಯುತ್ತಾಳೆಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಅಂಗಳದ ಬೇವಿನ ಗಿಡದ ಕಡೆ ನೋಡುತ್ತ ಅಂದಳು:

“ಅಬ್ಬಾನ ಬೀಡಿ ಹೊಗಿನೇ ಅಮ್ಮಿನ್ನ ತಿಂತು ಅಂತ ಅವರ ಜೋಡಿ ಮಾತು ಬಿಟ್ಟೀನ್ರಿ ಸರ್. ಅಮ್ಮಿ ಮಣ್ಣಾದಾಗಿಂದ ಒಂದು ಮಾತೂ ಆಡಿಲ್ಲ.”

ಅವಳ ತಂದೆ ಬೇವಿನ ಗಿಡದ ಕೆಳಗೆ ಒಬ್ಬನೇ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತು ಸಲಾಮು ಮಾಡಿದ. ನಾನು ಅವನ ಕೈ ಹಿಡಿದು ಕೂರಿಸಿ, ಶಮೀಮಳನ್ನೂ ಹತ್ತಿರ ಕರೆದು, ಮೊದಲಿನಿಂದ ಹೇಳತೊಡಗಿದೆ.